ಉಗ್ರಾಣದ ಬಾಗಿಲಲ್ಲಿ ಶಿವಮಲ್ಲು

ಬಾಗಿಲು ಹಾರುಹೊಡೆದುಕೊಂಡಿದ್ದರೂ ಶಿವಮಲ್ಲು ತಾವಾಗಿ ಒಳಗೆ ಬಂದವರಲ್ಲ. ನಮ್ಮ ಕೇಂದ್ರದ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಲ್ಯಾಪ್‌ಟಾಪ್ ಇದ್ದ ಬಟ್ಟೆಚೀಲವನ್ನು ಕೂಸಿನ ಹಾಗೆ ಎದೆಗೆ ಅವುಚಿಕೊಂಡು ನಿಂತು, "ಮೇಡಮ್ಮೋರೇ, ಬರ್ಬೋದಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಒಳಗೆ ಕಿವಿಗೆ ಯಂತ್ರ ಹಾಕಿಕೊಂಡು ಕೂತ ನಮ್ಮ ಮಕ್ಕಳೆಲ್ಲ ಒಟ್ಟಿಗೆ ಬಾಗಿಲ ಕಡೆ ತಿರುಗುತ್ತಿದ್ದವು. ಮಗುವಿಗೆ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷಿಸಲು ನಮ್ಮಲ್ಲಿ ಬೇರೆ ಯಂತ್ರವೇ ಇದೆ. ಶಿವಮಲ್ಲು ಬಂದ ದಿನ ಅದನ್ನು ಹೊರಗೆ ತೆಗೆಯುವ ಅಗತ್ಯ ಬೀಳುತ್ತಿರಲಿಲ್ಲ. "ಬನ್ನಿ ಶಿವಮಲ್ಲು" ಎಂದು ನಾನು ಬಾಯಿಬಿಟ್ಟು ಹೇಳಬೇಕು, ಆಗಲೇ ಅವರ ಕಾಲು ಮೆಟ್ಟಿಲ ಮೇಲೆ. ತಲೆಯಾಡಿಸಿದರೆ ಸಾಲದು. ಒಮ್ಮೆ ಮಗುವೊಂದು ಅಳುತ್ತಿದ್ದಾಗ ನಾನು ಕೈಸನ್ನೆ ಮಾಡಿ ಮರೆತುಬಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮನುಷ್ಯ ಬಿಸಿಲಲ್ಲಿ ಹಾಗೇ ನಿಂತಿದ್ದರು.

ನಾನು ಚಾಮರಾಜನಗರದಲ್ಲಿ, ಒಂದು ಟ್ರಸ್ಟ್ ನಡೆಸುವ ಸಣ್ಣ ಕೇಂದ್ರದಲ್ಲಿ, ಕಿವಿ ಕೇಳಿಸದ ಮಕ್ಕಳಿಗೆ ಮಾತು ಕಲಿಸುವವಳು. ವಾರಕ್ಕೊಂದು ದಿನ ಗುಂಡ್ಲುಪೇಟೆಗೆ ಹೋಗಿ ಅಲ್ಲಿಯ ಮಕ್ಕಳ ಜೊತೆ ಕೂರುತ್ತೇನೆ. ಶಿವಮಲ್ಲು ನಮ್ಮ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವರು. ಊರು ಉಮ್ಮತ್ತೂರು, ಅಂಗಡಿ ಗುಂಡ್ಲುಪೇಟೆ ಬಸ್ ನಿಲ್ದಾಣದ ಹಿಂದೆ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ, ಕೇಬಲ್ ಟಿವಿಯವರ ಜೊತೆ ಕಂಬ ಹತ್ತಿ, ಸೈಬರ್ ಕೆಫೆ ಇಟ್ಟು, ಅದನ್ನು ಮುಚ್ಚಿ, ಕೊನೆಗೆ ಕಾಡಿನಂಚಿನ ರೆಸಾರ್ಟುಗಳಿಗೂ ಹೂವಿನ ವ್ಯಾಪಾರಿಗಳಿಗೂ ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕೆ ಇಳಿದಿದ್ದರು. ವಿನಯ ಎಂಬುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. "ಶಿವಮಲ್ಲು ಮಾಡಿದ್ ಸೈಟು ಕೆಡಾಕಿಲ್ಲ ಮೇಡಮ್ಮೋರೆ. ಕೆಡ್ತು ಅಂದ್ರೆ ಕರೆಂಟ್ ಓಗದೆ ಅಂತ ತಿಳ್ಕಳಿ" ಎನ್ನುವರು. ಕೂದಲಿಗೆ ಕಪ್ಪು ಹಚ್ಚುತ್ತಿದ್ದರು. ಕೇಳಿದರೆ, ತಮ್ಮ ವಂಶದಲ್ಲೇ ಯಾರಿಗೂ ತಲೆ ನರೆತಿಲ್ಲ ಎಂದು ಸಾಧಿಸುತ್ತಿದ್ದರು. ಮೈಸೂರಿನ ಕಂಪನಿಗಳ ಮಾತು ಎತ್ತಿದರೆ ಮುಗಿಯಿತು, ಅವತ್ತಿನ ಟೀ ತಣ್ಣಗಾಗುವ ತನಕ ಅವರ ನಿಂದೆ ನಿಲ್ಲುತ್ತಿರಲಿಲ್ಲ.

ಲ್ಯಾಪ್‌ಟಾಪನ್ನು ಅವರು ಏಕವಚನದಲ್ಲೇ ಮಾತಾಡಿಸುತ್ತಿದ್ದರು. "ಏನ್ಲಾ ನಿಂದು, ಬೆಳಗ್ಗೆ ಬೆಳಗ್ಗೇನೇ?" ಎಂದು ಶುರುಮಾಡಿ, ಪರದೆಯ ಮೇಲೆ ಕೆಂಪಕ್ಷರದ ಸಾಲು ಬಂದರೆ ಅದನ್ನು ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದುವರು. ಇಂಗ್ಲಿಷೇ, ಆದರೆ ಉಮ್ಮತ್ತೂರಿನ ರಾಗ. ಒಂದು ಪದವನ್ನೂ ಬಿಡುತ್ತಿರಲಿಲ್ಲ. "ಎಲ್ರೂ ಅರ್ಧ ಓದ್ಬುಟ್ಟು ಎದ್ರುಕತಾರೆ. ಕೆಂಪಕ್ಷರ ಬಯ್ಗುಳ ಅಲ್ಲ ಮೇಡಮ್ಮೋರೆ, ದೂರು. ದೂರು ಏಳಕ್ಕೆ ಬಂದೋರ್ನ ಪೂರ್ತಾ ಏಳಕ್ಕೆ ಬುಡ್ಬೇಕು" ಎನ್ನುತ್ತಿದ್ದರು. ನನ್ನ ಹತ್ತಿರ ಬಂದು ಮಗುವಿನ ವಿಷಯಕ್ಕೆ ಶುರುಮಾಡಿ ಅತ್ತೆ, ನಾದಿನಿ, ಹಾಲಿನ ಡೇರಿ ಎಂದು ಸುತ್ತುವ ತಾಯಂದಿರನ್ನು ನಾನು ಈಗ ಮಧ್ಯದಲ್ಲಿ ತಡೆಯುವುದಿಲ್ಲ. ಅದನ್ನು ಕಲಿತದ್ದು ನನ್ನ ಕಾಲೇಜಿನಲ್ಲಲ್ಲ, ಶಿವಮಲ್ಲು ಅವರಿಂದ.

ನಮ್ಮ ಕೆಲಸ ನಡೆಯುವ ಬಗೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ದೂರದ ಊರಿನ ತಾಯಂದಿರು ಪ್ರತಿ ವಾರ ಬಸ್ಸು ಹತ್ತಿ ಬರಲಾರರು. ಅವರು ಮನೆಯಲ್ಲೇ ಮಗುವಿನ ಜೊತೆ ಆಡುತ್ತ ಮಾತಾಡಿಸುತ್ತಾರೆ, ಅದನ್ನು ಫೋನಿನಲ್ಲಿ ವಿಡಿಯೋ ಹಿಡಿದು ನಮ್ಮ ವೆಬ್‌ಸೈಟ್ ತೆರೆದು ಕಳಿಸುತ್ತಾರೆ. ನಾನು ನೋಡಿ, ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ಹೇಳುತ್ತೇನೆ. ವಿಡಿಯೋಗಳು ನಮ್ಮ ವೆಬ್‌ಸೈಟಿನಲ್ಲೇ ಇರುವುದಿಲ್ಲ. ಬೇರೊಂದು ಕಂಪನಿಯ ಕ್ಲೌಡ್‌ನಲ್ಲಿ ಬಾಡಿಗೆಗೆ ಹಿಡಿದ ಜಾಗದಲ್ಲಿ ಇರುತ್ತವೆ. ಶಿವಮಲ್ಲು ಅದನ್ನು ಉಗ್ರಾಣ ಎಂದು ಕರೆಯುತ್ತಿದ್ದರು. ಮಕ್ಕಳ ವಿಡಿಯೋ ವಾಟ್ಸ್ಯಾಪ್‌ನಲ್ಲಿ ಓಡಾಡಕೂಡದು ಎಂಬುದು ಟ್ರಸ್ಟಿನ ಕಟ್ಟುನಿಟ್ಟು. ಕೇಂದ್ರಕ್ಕೆ ಬರಲಾಗದವರದು ಉಗ್ರಾಣಕ್ಕೆ ಬಂದದ್ದೇ ಲೆಕ್ಕ. ಬಹಳ ದಿನ ಏನೂ ಕಳಿಸದ ಕುಟುಂಬಕ್ಕೆ ಆಸಕ್ತಿಯಿಲ್ಲವೆಂದು ತಿಳಿದು, ಆ ಜಾಗವನ್ನು ಕಾಯುತ್ತಿರುವ ಇನ್ನೊಂದು ಮಗುವಿಗೆ ಕೊಡುತ್ತಾರೆ.

ಪುಣಜನೂರಿನ ಮಂಜುಳ ಅಂಥ ದೂರದ ತಾಯಿ. ಗಂಡ ಬದನಗುಪ್ಪೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು, ವಾರವೆಲ್ಲ ಅಲ್ಲೇ ಉಳಿಯುವವನು. ಇವಳು ಬೇರೆಯವರ ಅರಿಸಿನದ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಮಗಳು ಸಿಂಚನ. ಮಗುವಿಗೆ ಕಿವಿ ಕೇಳಿಸುವುದಿಲ್ಲ ಎಂದು ಮನೆಯವರಿಗೆ ಗೊತ್ತಾಗುವುದೇ ತಡವಾಯಿತು, ಯಂತ್ರ ಹಾಕಿದ್ದು ಇನ್ನೂ ತಡ. ಮಾತು ಹತ್ತುವ ವಯಸ್ಸು ಯಾರಿಗೂ ಕಾಯುವುದಿಲ್ಲ. ಆ ಮಗು ಆಗಷ್ಟೇ "ಅಮ್ಮ", "ಆನೆ", "ಬಾ" ಎನ್ನುವುದಕ್ಕೆ ಶುರುಮಾಡಿತ್ತು. ಈಗ ಬಿಟ್ಟರೆ ಆ ಮೂರು ಮಾತೂ ಮುದುಡಿಕೊಳ್ಳುತ್ತವೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸಿಂಚನಳ ಜಾಗ ಉಳಿಯಬೇಕಾದರೆ ಮಂಜುಳಳ ವಿಡಿಯೋ ಬರುತ್ತಲೇ ಇರಬೇಕಿತ್ತು.

ಅಂಥ ಹೊತ್ತಿನಲ್ಲೇ ಟ್ರಸ್ಟಿನವರಿಗೆ ವೆಬ್‌ಸೈಟಿಗೆ ಹೊಸ ವಿಳಾಸ ಬೇಕೆನಿಸಿತು. ಹಳೆಯದು ಉದ್ದವಾಯಿತು, ಯಾರಿಗೂ ನೆನಪಿರುವುದಿಲ್ಲ ಎಂದರು. ಶಿವಮಲ್ಲು ಒಂದೇ ದಿನದಲ್ಲಿ ಸೈಟನ್ನು ಹೊಸ ವಿಳಾಸಕ್ಕೆ ಸಾಗಿಸಿ, ಹೊಸ ಮನೆಯ ಗೃಹಪ್ರವೇಶವಾದಂತೆ ಎಲ್ಲರಿಗೂ ಬಾಳೆಹಣ್ಣು ಹಂಚಿದರು. ಆ ವಾರದಿಂದ ವಿಡಿಯೋಗಳು ನಿಂತವು.

ತಾಯಂದಿರು ಫೋನ್ ಮಾಡತೊಡಗಿದರು. ಕಳಿಸಿದರೆ ಹೋಗುವುದಿಲ್ಲ, "ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ" ಎಂದು ಬರುತ್ತದೆ, ಪ್ರಯತ್ನಿಸಿದರೆ ಮತ್ತೆ ಅದೇ. ಶಿವಮಲ್ಲು ಬಂದು, ಕೂಗಿ, ಒಳಗೆ ಕರೆಸಿಕೊಂಡು, ನನ್ನ ಕಣ್ಣೆದುರಿಗೇ ತಮ್ಮ ಲ್ಯಾಪ್‌ಟಾಪಿನಿಂದ ಒಂದು ವಿಡಿಯೋ ಕಳಿಸಿದರು. "ಓಯ್ತಾ? ಓಯ್ತು. ತಿರ್ಗಾ ಕಳಿಸ್ಲಾ? ಓಯ್ತು. ಇನ್ನೇನ್ ಬೇಕು?" ಹೋದದ್ದನ್ನು ನಾನೂ ನೋಡಿದೆ. ಹಾಗಾದರೆ ತಾಯಂದಿರದ್ದು ಏಕೆ ಹೋಗುವುದಿಲ್ಲ ಎಂದರೆ ಒಬ್ಬೊಬ್ಬರಿಗೂ ಒಂದೊಂದು ಕಾರಣ ಸಿದ್ಧವಿತ್ತು. ಒಬ್ಬರ ಫೋನು ತುಂಬಿದೆ, ಇನ್ನೊಬ್ಬರ ರೀಚಾರ್ಜ್ ಮುಗಿದಿದೆ, ಮತ್ತೊಬ್ಬರಿಗೆ ಅತ್ತೆ ಫೋನ್ ಮುಟ್ಟಲು ಬಿಡುವುದಿಲ್ಲ. ಪುಣಜನೂರಿನದಂತೂ ಅವರ ಮಟ್ಟಿಗೆ ಬಿಡಿಸಿದ ಲೆಕ್ಕ: ಕಾಡಿನ ಬಾಯಿ, ನೆಟ್‌ವರ್ಕ್ ಇಲ್ಲ. ಕೇಂದ್ರದ ಕಂಪ್ಯೂಟರಿನಲ್ಲಿ ನಾನು ವಿಡಿಯೋ ನೋಡುತ್ತಿದ್ದೆನೇ ಹೊರತು ಕಳಿಸುವ ಪ್ರಮೇಯ ಬಂದದ್ದೇ ಇಲ್ಲ. ಅದರಿಂದ ಒಮ್ಮೆ ಕಳಿಸಿ ನೋಡೋಣ ಎಂಬ ಬುದ್ಧಿ ಇಬ್ಬರಿಗೂ ಹೊಳೆಯಲಿಲ್ಲ.

ಹತ್ತಿರದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕೇಂದ್ರಕ್ಕೇ ಬಂದರು. ಗುಂಡ್ಲುಪೇಟೆಯವರನ್ನು ನಾನೇ ಹೋಗಿ ನೋಡುತ್ತಿದ್ದೆ. ಎಲ್ಲಿಯೂ ಲೆಕ್ಕಕ್ಕೆ ಸಿಗದೆ ಉಳಿದವಳು ಮಂಜುಳ ಒಬ್ಬಳೇ. ಟ್ರಸ್ಟಿನ ಕಾರ್ಯದರ್ಶಿ ನನ್ನನ್ನು ಕರೆದು, "ಪುಣಜನೂರಿನ ಮಗುವನ್ನು ಈ ಸಭೆಯಲ್ಲಿ ಕೈಬಿಡೋಣ" ಎಂದರು. ಸೈಟಿನದೇ ತೊಂದರೆ ಇರಬಹುದು ಸಾರ್ ಎಂದೆ. ಅವರು, "ಶಿವಮಲ್ಲುನ ಕೇಳಿದೀನಮ್ಮ. ಸೈಟ್ ಸರಿಯಾಗಿದೆ, ಅವರೇ ಕಳಿಸ್ತಾ ಇಲ್ಲ ಅಂತ ಹೇಳಿದಾರೆ" ಎಂದರು. ನನಗೆ ಮೈ ಉರಿದುಹೋಯಿತು. ಮಂಜುಳಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

ಮಂಜುಳ ಒಂದು ದಿನದ ಕೂಲಿ ಬಿಟ್ಟು ಸಿಂಚನಳನ್ನು ಕರೆದುಕೊಂಡು ಬಂದದ್ದು ಆ ವಾರವೇ. ಶಿವಮಲ್ಲು ಅಲ್ಲೇ ಇದ್ದರು. ಅವಳ ಮಾತು ಮುಗಿಯುವ ಮೊದಲೇ, "ಸೈಟ್ ಸರಿಯಾಗೇ ಅದೆ ಕಣಮ್ಮಿ. ನಿನ್ ಫೋನು ಓಬೀರಾಯನ ಕಾಲದ್ದಿರ್ಬೇಕು" ಎಂದುಬಿಟ್ಟರು. ದೂರು ಹೇಳಲು ಬಂದವರನ್ನು ಪೂರ್ತಿ ಹೇಳಲು ಬಿಡಬೇಕು ಎನ್ನುತ್ತಿದ್ದ ಮನುಷ್ಯ!

ಮಂಜುಳ ಸಣ್ಣ ವಯಸ್ಸಿನವಳು, ದನಿ ಎತ್ತುವವಳಲ್ಲ. ಸೆರಗಿನಿಂದ ಫೋನ್ ತೆಗೆದು ಮೇಜಿನ ಮೇಲೆ ಇಟ್ಟಳು.

"ಒಸಾದು ಕಣಣ್ಣ. ಈ ವಿಡಿಯೋ ಕಳ್ಸಕ್ಕೆ ಅಂತ್ಲೇ ತಕ್ಕೊಂಡಿವ್ನಿ. ಎಲ್ಲಾ ಓಯ್ತದೆ, ನಿಮ್ಮದೊಂದೇ ಓಗಾಕಿಲ್ಲ."

"ಊರಲ್ಲಿ ಸಿಗ್ನಲ್ ಇರಾಕಿಲ್ಲ, ಅದ್ಕೆ."

"ಸಿಗ್ನಲ್ ಇಲ್ದೆ ನಮ್ಮವ್ರ ಜೊತೆ ದಿನಾ ಮೊಕ ನೋಡ್ಕಂಡು ಮಾತಾಡ್ತಿವ್ನಲ್ಲ, ಅದ್ಯೆಂಗೆ?" ಫೋನನ್ನು ಅವರ ಕಡೆ ತಳ್ಳಿದಳು. "ನಾನು ಸುಳ್ ಏಳ್ತಿವ್ನಿ ಅಂತ ಸಾರ್‌ಗೆ ಏಳ್ಬುಟ್ರಂತೆ. ನೀವೇ ಬಂದು ನೋಡಿ, ಆಮೇಲೆ ಏಳಿ."

ಶಿವಮಲ್ಲು ಅವರ ಮುಖ ಸಣ್ಣದಾಯಿತು. "ಬತ್ತೀನಿ ಬುಡು" ಎಂದರು. ಹಾಗೆ ಅಂದದ್ದು ಪಶ್ಚಾತ್ತಾಪಕ್ಕಲ್ಲ, ಮರ್ಯಾದೆಯ ಪ್ರಶ್ನೆ ಬಂತು ಎಂದು. ಸೈಟ್ ಸರಿಯಿದೆ ಎಂದು ಪುಣಜನೂರಿನಲ್ಲೇ ರುಜುವಾತು ಮಾಡಿ ಬರುವುದು ಅವರ ಹಟವಾಗಿತ್ತು. ನಾನೂ ಜೊತೆಗೆ ಹೊರಟೆ, ಇವರನ್ನು ಒಬ್ಬರನ್ನೇ ಕಳಿಸಿದರೆ ಇನ್ನೇನು ಅನ್ನುತ್ತಾರೋ ಎಂಬ ಭಯಕ್ಕೆ.

ಮಂಜುಳ ಊರಿಗೆ ಹೋದ ಮಾರನೆಯ ದಿನ ಸತ್ಯಮಂಗಲದ ಬಸ್ಸು ಹತ್ತಿದೆವು. ಪುಣಜನೂರಿನಲ್ಲಿ ಇಳಿದು ಮಂಜುಳಳ ಮನೆ ಮುಂದೆ ಹೋದರೆ ಬಾಗಿಲು ತೆರೆದಿತ್ತು. ಶಿವಮಲ್ಲು ಯಥಾಪ್ರಕಾರ ಅಂಗಳದಲ್ಲೇ ನಿಂತು, "ಮಂಜುಳಮ್ಮೋ, ಬರ್ಬೋದಾ?" ಎಂದು ಕೂಗಿದರು. ಮಂಜುಳ ಬಾಗಿಲಿಗೆ ಬಂದಳು. ನನ್ನನ್ನು "ಬಾ ಅಕ್ಕ" ಎಂದಳು. ಅವರನ್ನು ಬಾ ಎನ್ನಲಿಲ್ಲ. ಜಗಲಿಯ ಮೇಲೆ ಒಂದು ಚಾಪೆ ಹಾಸಿ, ಫೋನನ್ನು ಅಲ್ಲೇ ಇಟ್ಟು, ಒಳಗೆ ಹೋದಳು. ನಾನು ಒಳಗೂ ಹೋಗಲಾರದೆ ಹೊರಗೂ ನಿಲ್ಲಲಾರದೆ ಹೊಸಿಲ ಹತ್ತಿರ ಕೂತೆ. ಶಿವಮಲ್ಲು ಚಾಪೆಯ ಮೇಲೆ ಕೂತು ಚೀಲ ಬಿಚ್ಚಿದರು.

ಮೊದಲು ಅವಳ ಫೋನಿನಿಂದ ಒಂದು ವಿಡಿಯೋ ಕಳಿಸಿ ನೋಡಿದರು. ವಿಫಲವಾಗಿದೆ. ಸಿಗ್ನಲ್ ಕಡ್ಡಿಗಳು ತುಂಬಿಕೊಂಡೇ ಇದ್ದವು. ಫೋನಿಗೂ ಲ್ಯಾಪ್‌ಟಾಪಿಗೂ ಒಂದು ವೈರ್ ಸಿಕ್ಕಿಸಿ, ಫೋನಿನ ಒಳಗೆ ನಡೆಯುವುದು ಲ್ಯಾಪ್‌ಟಾಪಿನ ಮೇಲೆ ಕಾಣುವಂತೆ ಮಾಡಿ ಮತ್ತೆ ಕಳಿಸಿದರು. ಈ ಸಲ ಕೆಂಪಕ್ಷರ ಬಂತು. ಅವರು ಗಟ್ಟಿಯಾಗಿ ಓದಲು ಶುರುಮಾಡಿದರು. ಅರ್ಧಕ್ಕೆ ಬರುವಾಗ ದನಿ ತಗ್ಗಿತು, ಕೊನೆಯ ಪದಗಳು ಗಂಟಲಲ್ಲೇ ಉಳಿದವು. ಒಳಗಿಂದ ಸಿಂಚನ ಬಂದು ಕಂಬ ಹಿಡಿದುಕೊಂಡು ಅವರ ಬಾಯನ್ನೇ ನೋಡುತ್ತಿದ್ದಳು.

"ಏನಂತೆ?" ಎಂದೆ.

"ಉಗ್ರಾಣದೋರಿಗೆ ನಮ್ಮ ಒಸಾ ಅಡ್ರೆಸ್ ಗೊತ್ತೇ ಇಲ್ಲ ಮೇಡಮ್ಮೋರೆ" ಎಂದರು. ಆಮೇಲೆ ನನಗೆ ತಿಳಿಯುವಂತೆ ಹೇಳಿದರು. "ಈ ಬ್ರೌಸರ್ ಅನ್ನೋದು ಬಲೇ ಮರ್ಯಾದಸ್ತ. ಒಂದು ಸೈಟಿಂದ ಬೇರೆಯವರ ಜಾಗಕ್ಕೆ ಸಾಮಾನು ಇಡ್ಬೇಕು ಅಂದ್ರೆ, ಸಾಮಾನು ಒತ್ಕಂಡು ನುಗ್ಗಾಕಿಲ್ಲ. ಮೊದ್ಲು ಬರಿಗೈಲಿ ಓಗಿ, ಇಂಥಾ ಅಡ್ರೆಸ್ಸಿಂದ ಬಂದಿವ್ನಿ, ಒಂದು ವಿಡಿಯೋ ಇಡ್ಬೋದಾ ಅಂತ ಕೇಳ್ತದೆ. ಉಗ್ರಾಣ ತನ್ ಪಟ್ಟಿ ನೋಡಿ ಊಂ ಅಂದ್ರೆ ಮಾತ್ರ ಸಾಮಾನು ಎತ್ತೋದು. ಪಟ್ಟೀಲಿ ನಮ್ಮ ಅಳೇ ಅಡ್ರೆಸ್ಸೇ ಅದೆ. ಮನೆ ಬದ್ಲಾಯಿಸ್ದೆ, ಉಗ್ರಾಣಕ್ಕೆ ಏಳೋದ್ನೇ ಮರ್ತೆ."

"ಮತ್ತೆ ನಿಮ್ಮ ಲ್ಯಾಪ್‌ಟಾಪಿನಿಂದ ಹೋಯಿತಲ್ಲ? ನಾನೇ ನೋಡಿದೆನಲ್ಲ?"

ಅವರು ಪರದೆಯ ಮೂಲೆಯಲ್ಲಿದ್ದ ಒಂದು ಚಿತ್ರದ ಮೇಲೆ ಬೆರಳಿಟ್ಟರು. ಹಿಂದೆ ಯಾವುದೋ ರೆಸಾರ್ಟಿನ ಕೆಲಸ ಮಾಡುವಾಗ ಇದೇ ಕಾಟ ಬಂದಿತ್ತಂತೆ. ಅವಸರಕ್ಕೆ, ಯಾರನ್ನೂ ಕೇಳದೆ ನುಗ್ಗು ಎಂದು ತಮ್ಮ ಬ್ರೌಸರಿಗೇ ಅಪ್ಪಣೆ ಕೊಟ್ಟು, ಹಾಗೆ ತೆರೆಯುವಂತೆ ಈ ಚಿತ್ರದ ಗುಂಡಿ ಮಾಡಿಟ್ಟುಕೊಂಡಿದ್ದರು. ಆ ಕೆಲಸ ಮುಗಿದರೂ ಗುಂಡಿ ಉಳಿಯಿತು. ದಿನಾ ಅದನ್ನೇ ಒತ್ತಿ ತೆರೆಯುತ್ತಿದ್ದರು. ಇಡೀ ಜಿಲ್ಲೆಯ ತಾಯಂದಿರ ಫೋನುಗಳು ಬಾಗಿಲಲ್ಲಿ ನಿಂತು ಕೇಳಿ, ಇಲ್ಲ ಅನ್ನಿಸಿಕೊಂಡು ವಾಪಸು ಬರುತ್ತಿದ್ದರೆ ಇವರ ಲ್ಯಾಪ್‌ಟಾಪ್ ಮಾತ್ರ ಕೇಳದೆ ಒಳಗೆ ಹೋಗಿ ಬರುತ್ತಿತ್ತು.

"ನೀವು ಕರೆಯದೆ ಯಾರ ಮನೆಗೂ ಹೋಗೋರಲ್ಲ, ನಿಮ್ಮ ಲ್ಯಾಪ್‌ಟಾಪಿಗೆ ಒಳ್ಳೆ ಬುದ್ಧಿ ಕಲಿಸಿದ್ದೀರಿ" ಎಂದೆ. ತಮಾಷೆಗೆ ಅಂದದ್ದೇ, ಆದರೆ ಸಿಟ್ಟೂ ಇತ್ತು. ಅವರು ನಗಲಿಲ್ಲ. ಬಾಗಿಲ ಒಳಗೆ ನಿಂತಿದ್ದ ಮಂಜುಳಳ ಕಡೆ ನೋಡಿ, "ತಪ್ಪು ನಂದು ಕಣವ್ವ. ನಿಂದೂ ಇಲ್ಲ, ನಿನ್ ಫೋನಿಂದೂ ಇಲ್ಲ" ಎಂದರು.

ಅಷ್ಟರಲ್ಲಿ ಅವರ ಅಂಗಡಿಯ ಜೊತೆಗಾರನ ಫೋನ್ ಬಂತು. ವಿಷಯ ಕೇಳಿದವನೇ ಆತ, ಅಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ಪಟ್ಟಿಯಲ್ಲಿ ಒಂದು ನಕ್ಷತ್ರದ ಗುರುತು ಹಾಕಿ, ಯಾವ ವಿಳಾಸದಿಂದ ಬಂದರೂ ಬಿಡುತ್ತದೆ, ಇನ್ನು ಮುಂದೆ ತಕರಾರೇ ಇರುವುದಿಲ್ಲ ಎಂದನಂತೆ. ಶಿವಮಲ್ಲು ಜಗಲಿ ಅದುರುವ ಹಾಗೆ ರೇಗಿದರು. "ಮಕ್ಕಳ ವಿಡಿಯೋ ಕಣ್ಲಾ ಅವು! ಮದ್ವೆ ಊಟವಾ, ಯಾರಾರಾ ಬರ್ಲಿ ಅನ್ನಕ್ಕೆ? ಒಂದು ಗುಂಡಿ ಮಾಡ್ಕಂಡೇ ಈ ಗತಿ ಬಂದದೆ. ಮಡಗ್ಲಾ ಫೋನ!" ಸಿಂಚನ ಆ ಗರ್ಜನೆಗೆ ಹೆದರದೆ ಕಿಲಕಿಲ ನಕ್ಕಳು. ಅವಳಿಗೆ ಚೆನ್ನಾಗಿ ಕೇಳಿಸುವ ದನಿಗಳು ಲೋಕದಲ್ಲಿ ಕಡಿಮೆ. ಇದು ಅವುಗಳಲ್ಲಿ ಒಂದು.

ಅಲ್ಲೇ ಕೂತು ಉಗ್ರಾಣದ ಪಟ್ಟಿಗೆ ಹೊಸ ವಿಳಾಸ ಬರೆದರು. ಕಳಿಸಿದರು. ಮತ್ತೆ ಕೆಂಪು. ನಾನು ಎದ್ದು ನಿಂತೆ. ಅವರು ಮಾತ್ರ ನಿಧಾನವಾಗಿ ಪೂರ್ತಿ ಓದಿ, ಹಣೆಗೆ ಹೊಡೆದುಕೊಂಡರು. ಅವಸರದಲ್ಲಿ ಹೊಸ ವಿಳಾಸದವರಿಗೆ ನೋಡುವ ಅನುಮತಿ ಬರೆದಿದ್ದರು, ಇಡುವ ಅನುಮತಿ ಬರೆದಿರಲಿಲ್ಲ. "ಬಂದು ನೋಡ್ಕಂಡು ಓಗಿ, ಒಳಿಕ್ಕೆ ಏನೂ ತರ್ಬ್ಯಾಡಿ ಅಂತ ಬರ್ದಿವ್ನಿ" ಎಂದು, ತಲೆ ಎತ್ತದೆ, ಯಾರಿಗೂ ಅಲ್ಲದ ಹಾಗೆ ಮಾತು ಮುಂದುವರಿಸಿದರು. "ನಮ್ಮಪ್ಪನ್ನೂ ಊರಿನ ದೊಡ್ ಮನೆಯೋರು ಇಂಗೇ ಜಗಲಿ ತಂಕ ಬುಡೋರು. ಮಾತಾಡ್ಸೋರು, ಕಾಫಿ ಕೊಡೋರು, ಎಲ್ಲಾ ಜಗಲೀಲೇ. ಒಂದಿನ ನಾನು ಉಡುಗಾಟಕ್ಕೆ ಒಳಿಕ್ಕೆ ನುಗ್ಬುಟ್ಟೆ. ಅವತ್ತು ಅಪ್ಪ ಅವ್ರ ಮುಂದೆ ಕೈ ಮುಗ್ಕಂಡು ನಿಂತಿದ್ದ ನೋಡಿ, ಅದ ಮರ್ಯಕ್ಕಾಗಿಲ್ಲ. ಅವತ್ತಿಂದ ಬಾಯ್ಬುಟ್ಟು ಬಾ ಅನ್ನೋಗಂಟ ನಾನು ಯಾರ ಒಸಲೂ ದಾಟಿಲ್ಲ."

ಬಿಸಿಲಲ್ಲಿ ನಿಂತು ಕೂಗುತ್ತಿದ್ದ ಮನುಷ್ಯನನ್ನು ಅಷ್ಟು ವರ್ಷ ನಾನು ತಮಾಷೆಯಾಗಿಯೇ ಕಂಡಿದ್ದೆ. ಅವತ್ತು ಅವರ ಮುಖ ನೋಡಲಾಗಲಿಲ್ಲ. ಅವರು ಅನುಮತಿಯ ಸಾಲು ತಿದ್ದಿ, ಮಂಜುಳಳ ಫೋನನ್ನು ಅವಳ ಕಡೆ ಚಾಚಿ, "ನೀನೇ ಕಳ್ಸವ್ವ" ಎಂದರು. ಅವಳು ಕಳಿಸಿದಳು. ಹಸಿರು ಗೆರೆ ಮೆಲ್ಲಗೆ ತುಂಬಿಕೊಂಡು ಕೊನೆ ಮುಟ್ಟಿತು. ಸಿಂಚನ "ಆನೆ" ಎನ್ನುವ ವಿಡಿಯೋ ಉಗ್ರಾಣ ಸೇರಿತು.

ಮಂಜುಳ ಫೋನನ್ನು ಸೆರಗಿಗೆ ಸಿಕ್ಕಿಸಿಕೊಂಡು ಒಂದು ಗಳಿಗೆ ನಿಂತಳು. "ಒಳಿಕ್ಕೆ ಬನ್ನಿ ಅಣ್ಣ. ಮುದ್ದೆ ಉಣ್ಣೀರಂತೆ" ಎಂದಳು. ಶಿವಮಲ್ಲು ಲ್ಯಾಪ್‌ಟಾಪನ್ನು ಜಗಲಿಯ ಮೇಲೆಯೇ ಬಿಟ್ಟು ಎದ್ದರು. ಅಷ್ಟು ಜೋಪಾನದ ವಸ್ತುವನ್ನು ಅವರು ಹಾಗೆ ಬಿಟ್ಟು ನಡೆದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹುರುಳಿಕಾಳಿನ ಸಾರು ಇತ್ತು. ಎರಡು ಸಲ ಹಾಕಿಸಿಕೊಂಡರು.

ಸೈಟ್ ಸರಿಯಾಯಿತು ನಿಜ, ಆದರೆ ಸಿಂಚನಳ ಹೆಸರು ಕೈಬಿಡುವವರ ಸಾಲಿನಲ್ಲಿ ಇನ್ನೂ ಇತ್ತು. ಶಿವಮಲ್ಲು ಫೋನಿನಲ್ಲಿ ಒಂದು ಮಾತು ಹೇಳಿದ್ದರೂ ಸಾಕಿತ್ತು. ಅವರು ಟ್ರಸ್ಟಿನ ಸಭೆಗೇ ಬಂದರು. ಬಾಗಿಲಲ್ಲಿ ನಿಂತು ಕೂಗಿದರು, ಕರೆದ ಮೇಲೆ ಒಳಗೆ ಬಂದರು, ಕುರ್ಚಿ ಕೊಟ್ಟರೂ ಕೂರಲಿಲ್ಲ. ಶುರುವಿನಿಂದ ಎಲ್ಲ ಹೇಳಿದರು. ಗುಂಡಿಯ ವಿಷಯವನ್ನೂ ಬಿಡಲಿಲ್ಲ. "ನನ್ ಮಾತ್ ಕೇಳಿ ನೀವು ಆ ಮಗೀನ ತೆಗೀತಿದ್ರಿ. ಆ ಮಾತೇ ತಪ್ಪು. ಸಿಕ್ಸೆ ಕೊಡಂಗಿದ್ರೆ ನಂಗ್ ಕೊಡಿ" ಎಂದರು. ತಮ್ಮ ಸೈಟು ಕೆಡುವುದಿಲ್ಲ ಎಂದು ಊರೆಲ್ಲ ಡಂಗುರ ಹೊಡೆದ ಬಾಯಿಂದ ಆ ಮಾತು ಹೊರಡುವಾಗ ಎಷ್ಟು ಕಷ್ಟವಾಯಿತು ಎಂಬುದು ಅವರ ಕೊರಳ ನರ ನೋಡಿದರೆ ತಿಳಿಯುತ್ತಿತ್ತು. ಸಿಂಚನಳ ಜಾಗ ಉಳಿಯಿತು. ಸದಸ್ಯರೊಬ್ಬರು ಈ ಕೆಲಸವನ್ನು ಮೈಸೂರಿನ ಕಂಪನಿಗೆ ಕೊಡೋಣ ಎಂದರು. "ಮೈಸೂರಿನವರು ಪುಣಜನೂರಿನ ಜಗಲಿ ಮೇಲೆ ಬಂದು ಕೂರುತ್ತಾರಾ ಸಾರ್?" ಎಂದು ನಾನು ಕೇಳಿದೆ. ಆ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಅವರು ಒಬ್ಬೊಬ್ಬ ತಾಯಿಗೂ ಫೋನ್ ಮಾಡಿ ತಪ್ಪೊಪ್ಪಿಕೊಂಡರು. ನಾನು ಬೇಡವೆಂದರೂ ಬಿಡಲಿಲ್ಲ. ಗುಂಡ್ಲುಪೇಟೆಯ ಒಂದು ಮಗುವಿನ ಅಜ್ಜಿ ಮೂಲತಃ ವಯನಾಡಿನ ಕಡೆಯವರು. ಪೂರ್ತಿ ಕೇಳಿ, "ಸಾರಮಿಲ್ಲ ಮೋನೇ" ಎಂದರಂತೆ. ಪರವಾಗಿಲ್ಲ ಮಗನೇ ಎಂದು ಅದರ ಅರ್ಥ. ಅದನ್ನು ಶಿವಮಲ್ಲು ಎಷ್ಟು ಮೆಚ್ಚಿಕೊಂಡರೆಂದರೆ, ಮುಂದೆ ಲ್ಯಾಪ್‌ಟಾಪ್ ಕೈಕೊಟ್ಟಾಗಲೆಲ್ಲ ಅದರ ಬೆನ್ನು ತಟ್ಟಿ "ಸಾರಮಿಲ್ಲ ಮೋನೇ" ಎನ್ನುತ್ತಿದ್ದರು. ಹೆಮ್ಮೆಯೇನೂ ಇಳಿಯಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ರಾಗ: "ಶಿವಮಲ್ಲು ಮಾಡಿದ್ ಸೈಟು..." ನಾನು ಹುಬ್ಬು ಹಾರಿಸಿದರೆ, "ಒಂದ್ ದಪ ಕೆಟ್ಟದೆ, ಒಪ್ಕತೀನಿ" ಎಂದು ತಿದ್ದುಪಡಿ ಮಾಡುವರು.

ಅವರಿಗೆ ಪುಣಜನೂರಿನ ಚಟ ಹತ್ತಿತು. ಹೆಂಡತಿಯ ತವರು ತಾಳವಾಡಿ ಕಡೆ. ಅತ್ತ ಹೋಗುವಾಗಲೆಲ್ಲ ಬಸ್ಸಿಳಿದು ಮಂಜುಳಳ ಮನೆಗೆ ಹೋಗಿ, ವಿಡಿಯೋ ಸರಿಯಾಗಿ ಹೋಗುತ್ತಿದೆಯೇ ಎಂದು ವಿಚಾರಿಸುವರು. ಹೋಗುತ್ತಿದೆ ಎಂದು ಅವರಿಗೂ ಗೊತ್ತು, ಅವಳಿಗೂ ಗೊತ್ತು. ಸಿಂಚನ ಅವರನ್ನು "ಮಾವ" ಎಂದಳು. ನಾನು ಕಾರ್ಡು ತೋರಿಸಿ ತಿಂಗಳುಗಟ್ಟಲೆ ಹೇಳಿಸಲಾಗದ ಪದಗಳನ್ನು ಅವಳು ಮಾವನಿಂದ ಕಿತ್ತುಕೊಂಡಳು: ಬೋಂಡ, ಚೀಲ, ವೈರು. ಎರಡು ಪದ ಜೋಡಿಸಿದಳು, ಮೂರು ಜೋಡಿಸಿದಳು. "ನೀರು ಕೊಡು", "ಮಾವ ಬಂತು ನೋಡು". ಕೇಳಿದ್ದಕ್ಕೆ ಉತ್ತರ ಹೇಳುವಳು. ಆದರೆ ತಾನಾಗಿ ಒಂದೂ ಪ್ರಶ್ನೆ ಕೇಳುತ್ತಿರಲಿಲ್ಲ. ತಡವಾಗಿ ಕೇಳಿಸಿಕೊಳ್ಳಲು ಶುರುಮಾಡಿದ ಮಕ್ಕಳಿಗೆ ಅದು ಕಷ್ಟ. ಅದರಲ್ಲೂ "ಯಾಕೆ" ಎಂಬುದು ಎಲ್ಲಕ್ಕಿಂತ ಕಷ್ಟ. ಆ ಒಂದು ಮಾತಿಗಾಗಿ ಮಂಜುಳಳೂ ನಾನೂ ಪಟ್ಟ ಪಾಡು ನಮಗೇ ಗೊತ್ತು.

ನಾನು ಶಿವಮಲ್ಲು ಅವರನ್ನು ಕೊನೆಯದಾಗಿ ನೋಡಿದ್ದು ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ. ನನ್ನ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಕೆಳಗೆ ನಿಂತು ಒಂದು ಪೊಟ್ಟಣ ಬೋಂಡ ಕೊಟ್ಟು, ಮುಂದಿನ ವಾರ ಪುಣಜನೂರಿಗೆ ಹೋಗುತ್ತಿದ್ದೇನೆ, ಮಗೀಗೆ ಏನಾದರೂ ಹೇಳಿಕೊಡಬೇಕಾ ಎಂದು ಕೇಳಿದರು. ಪ್ರಶ್ನೆ ಕೇಳಿಸಿ ಎಂದೆ. "ಕೇಳಿಸ್ತೀನಿ ಬುಡಿ, ಅದೇನ್ ಮಾ ಕೆಲ್ಸ" ಎಂದರು. ಬಸ್ಸು ಹೊರಟಿತು. ಆ ವಾರದಲ್ಲೇ, ಅಂಗಡಿಯ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಕುಸಿದರಂತೆ. ಆಸ್ಪತ್ರೆ ಮುಟ್ಟಲಿಲ್ಲ. ಉಮ್ಮತ್ತೂರಿನಲ್ಲಿ ಮಣ್ಣು ಮಾಡಿದರು. ನಾನು ಹೋಗಿದ್ದೆ. ಮಂಜುಳ, ಅವಳ ಗಂಡ ಬಂದಿದ್ದರು. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದರು, ಮಾವ ತೀರಿಕೊಂಡದ್ದನ್ನು ಅವಳಿಗೆ ಹೇಳಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಮಂಜುಳಳ ವಿಡಿಯೋ ಬಂತು. ಎಂದಿನಂತೆ ಅಡೆತಡೆಯಿಲ್ಲದೆ ಬಂದಿತ್ತು. ಜಗಲಿಯ ಮೇಲೆ ಸಿಂಚನ ಕೂತಿದ್ದಾಳೆ. ಮಂಜುಳ ಚಿತ್ರದ ಕಾರ್ಡು ಹಿಡಿದು ಇದೇನು, ಇದೇನು ಎನ್ನುತ್ತಿದ್ದಾಳೆ. ಹಸು, ಬಸ್ಸು, ಛತ್ರಿ. ಹೊರಗೆ ಬಸ್ಸಿನ ಹಾರನ್ ಕೇಳಿಸುತ್ತದೆ. ಮಗು ಆ ಕಡೆ ಕತ್ತು ತಿರುಗಿಸಿ ಸ್ವಲ್ಪ ಹೊತ್ತು ನೋಡುತ್ತಾಳೆ. ಆಮೇಲೆ ಕಾರ್ಡನ್ನು ಪಕ್ಕಕ್ಕೆ ತಳ್ಳಿ, ತಾಯಿಯ ಮುಖ ನೋಡಿ ಕೇಳುತ್ತಾಳೆ: "ಮಾವ ಯಾಕ್ ಬತ್ತಿಲ್ಲ?"

ಒಂದಕ್ಷರ ನುಂಗಿಲ್ಲ, ರಾಗ ಕೂಡ ಸರಿಯಾಗಿ ಏರಿದೆ. ಫೋನು ಅಲ್ಲಾಡುತ್ತದೆ, ವಿಡಿಯೋ ಮುಗಿಯುತ್ತದೆ. ನಾನು ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಸಂತೋಷ ಎಷ್ಟು, ದುಃಖ ಎಷ್ಟು ಎಂದು ಬೇರೆ ಮಾಡಲಾಗಲಿಲ್ಲ.

ಮಂಜುಳಳಿಗೆ ಫೋನ್ ಮಾಡಿದೆ. ಅವಳೂ ಅಳುತ್ತಿದ್ದಳು.

"ಏನ್ ಏಳ್ಲಿ ಅಕ್ಕ? ಊರಿಗೆ ಓಗವ್ನೆ ಅನ್ಲಾ?"

ಮಗು ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಕೊಡಿ, ಇಲ್ಲದಿದ್ದರೆ ಕೇಳುವುದನ್ನೇ ಬಿಟ್ಟುಬಿಡುತ್ತದೆ ಎಂದು ಎಲ್ಲ ತಾಯಂದಿರಿಗೂ ಹೇಳುವವಳು ನಾನು.

"ಇದ್ದದ್ದನ್ನೇ ಹೇಳು ಮಂಜುಳ. ಮಾವ ಸತ್ತುಹೋದರು ಅಂತ ಹೇಳು. ಮಡಿಲಲ್ಲಿ ಕೂರಿಸಿಕೊಂಡು ಹೇಳು."

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಏಳ್ತೀನಿ. ಆದ್ರೆ ಅವ್ಳು ತಿರ್ಗಾ ಯಾಕೆ ಅಂತಾಳೆ ಕಣಕ್ಕ."

"ಅನ್ನಲಿ" ಎಂದೆ.